ಗೇಟಿನಲ್ಲಿ ನಿಂತ ಹುಡುಗ: ಸಿನಿಮಾ ಸರ್ಟಿಫಿಕೇಟಿನ ಅಕ್ಷರ ಏನು ಹೇಳುತ್ತದೆ?



ಹೋದ ತಿಂಗಳ ಒಂದು ಜುಮಾದ ಬಯಾನಿನಲ್ಲಿ ನಾನು ಸಿನಿಮಾ ಟಿಕೆಟ್ಟಿನ ವಿಷಯ ತೆಗೆದಾಗ ಮುಂದಿನ ಸಾಲಿನ ಹಿರಿಯರು ಕೆಲವರು ಮುಖ ಮುಖ ನೋಡಿಕೊಂಡರು. ಮಸೀದಿಯಲ್ಲಿ ಕುಳಿತು ಟಾಕೀಸಿನ ಮಾತೇ ಎಂದು ಅವರಿಗೆ ಅನ್ನಿಸಿರಬೇಕು. ಆದರೆ ನಮಾಜ್ ಮುಗಿದ ಮೇಲೆ ಏಳೆಂಟು ಮಂದಿ ತಂದೆಯಂದಿರು ಉಳಿದುಕೊಂಡು ಪ್ರಶ್ನೆ ಕೇಳಿದರು. ಅವರ ಒತ್ತಾಯಕ್ಕೆ ಆ ದಿನ ಹೇಳಿದ್ದನ್ನೂ ಸಮಯವಿಲ್ಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸಿನಿಮಾ ನೋಡುವುದು ಸರಿಯೇ ತಪ್ಪೇ ಎಂಬ ಚರ್ಚೆ ಇದಲ್ಲ. ಅದರ ಬಗ್ಗೆ ನನ್ನ ಅಭಿಪ್ರಾಯ ನಮ್ಮ ಜಮಾಅತಿಗೆ ಗೊತ್ತು. ನಮ್ಮ ಹುಡುಗರು ಸಿನಿಮಾಕ್ಕೆ ಹೋಗುತ್ತಿರುವುದು ನನಗೂ ಗೊತ್ತು.

ಮಾತು ಶುರುವಾದದ್ದು ಹೀಗೆ. ಒಂದು ರಾತ್ರಿ ಇಷಾ ನಮಾಜಿನ ನಂತರ ನಮ್ಮ ಒಬ್ಬ ಭಾಯಿ ಬಂದು ಕುಳಿತರು. ಮುಖ ಕೆಂಪಾಗಿತ್ತು. ಅವರ ಮಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ, ವಯಸ್ಸು ಹದಿನೈದೂವರೆ. ಭಾನುವಾರ ಸ್ಪೆಷಲ್ ಕ್ಲಾಸ್ ಇದೆ ಎಂದು ಮನೆಯಲ್ಲಿ ಹೇಳಿ ನಾಲ್ವರು ಗೆಳೆಯರ ಜೊತೆ ಜಗಳೂರಿನಿಂದ ದಾವಣಗೆರೆ ಬಸ್ಸು ಹತ್ತಿದ್ದಾನೆ. ಟಾಕೀಸಿನ ಬಾಗಿಲಲ್ಲಿ ಟಿಕೆಟ್ ನೋಡುವವನು ಉಳಿದವರನ್ನು ಒಳಗೆ ಬಿಟ್ಟು ಇವನೊಬ್ಬನನ್ನು ನಿಲ್ಲಿಸಿ ಆಧಾರ್ ಕಾರ್ಡ್ ಕೇಳಿದ್ದಾನೆ. ನೋಡಿ ವಾಪಸ್ ಕೊಟ್ಟು, ಹೊರಗೆ ಹೋಗು ಎಂದಿದ್ದಾನೆ. ಮೂರು ಗಂಟೆ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಗೆಳೆಯರು ಬಂದ ಮೇಲೆ ಅವರೊಂದಿಗೆ ಊರಿಗೆ ಬಂದಿದ್ದಾನೆ.

"ಹಜರತ್, ಐವರಲ್ಲಿ ಇವನೊಬ್ಬನೇ ಯಾಕೆ? ಕಾರ್ಡಿನಲ್ಲಿ ಹೆಸರು ನೋಡಿ ತಾನೇ?" ಎಂದು ಕೇಳಿದರು. ಮಗ ಸುಳ್ಳು ಹೇಳಿ ಹೋದ ಸಿಟ್ಟಿಗಿಂತ ಈ ನೋವೇ ಅವರಿಗೆ ದೊಡ್ಡದಾಗಿತ್ತು.

ಇಂಥ ಅನುಮಾನ ಸುಮ್ಮನೆ ಹುಟ್ಟುವುದಿಲ್ಲ, ಅದನ್ನು ನಾನು ತಳ್ಳಿಹಾಕುವವನೂ ಅಲ್ಲ. ಆದರೆ ಅನುಮಾನವನ್ನು ಪರೀಕ್ಷೆ ಮಾಡದೆ ಇಟ್ಟುಕೊಳ್ಳಬಾರದು. ಟಿಕೆಟ್ ತೋರಿಸಿ ಎಂದೆ. ಮಗನ ಮೊಬೈಲ್ ಅವರ ಜೇಬಿನಲ್ಲೇ ಇತ್ತು, ಕಿತ್ತುಕೊಂಡು ಬಂದಿದ್ದರು. ಚಿತ್ರದ ಹೆಸರಿನ ಪಕ್ಕದಲ್ಲಿ ಚಿಕ್ಕದಾಗಿ 'ಎ' ಎಂದಿತ್ತು. "ಇದೇನು ಗೊತ್ತಾ ಭಾಯಿ?" ಎಂದೆ. "ಎ ಅಂದ್ರೆ ಎ-ಒನ್ ಅಲ್ವಾ ಹಜರತ್?" ಎಂದರು. ನಗು ಬಂದರೂ ನಗಲಿಲ್ಲ. ಅವರಂತೆ ತಿಳಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೋ.

ಹಾಗಾಗಿ ಮೊದಲು ಅಕ್ಷರಗಳ ಅರ್ಥ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಟಾಕೀಸಿನಲ್ಲಿ ತೋರಿಸುವ ಪ್ರತಿ ಚಿತ್ರಕ್ಕೂ ಸರ್ಟಿಫಿಕೇಟ್ ಬೇಕು. ಕೊಡುವುದು ಕೇಂದ್ರ ಸರ್ಕಾರದ ಮಂಡಳಿ. ಮುಖ್ಯ ಕಚೇರಿ ಮುಂಬೈಯಲ್ಲಿ, ನಮ್ಮ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. ಜನ ಇಂದಿಗೂ 'ಸೆನ್ಸಾರ್' ಎನ್ನುತ್ತಾರೆ. 1983ರಿಂದ ಅದರ ಹೆಸರಿನಲ್ಲಿ ಸೆನ್ಸಾರ್ ಎಂಬ ಪದವಿಲ್ಲ, ಪ್ರಮಾಣೀಕರಣ ಎಂಬ ಪದವಿದೆ. 'ಯು' ಎಂದರೆ ಎಲ್ಲರೂ ನೋಡಬಹುದು. 'ಎ' ಎಂದರೆ ಹದಿನೆಂಟು ತುಂಬಿದವರು ಮಾತ್ರ. 'ಎಸ್' ಎಂದು ಇನ್ನೊಂದಿದೆ, ವೈದ್ಯರಂಥ ಒಂದು ವರ್ಗದವರಿಗೆ ಮಾತ್ರ. ಅದು ನಮ್ಮ ನಿಮ್ಮ ಕಣ್ಣಿಗೆ ಬೀಳುವುದು ಅಪರೂಪ. ನಡುವೆ ಇರುವುದು 'ಯುಎ'. ನಿಜವಾದ ವಿಷಯ ಇರುವುದು ಈ ನಡುವಿನದರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

'ಎ' ಚಿತ್ರಕ್ಕೆ ಹದಿನೆಂಟರ ಒಳಗಿನವರನ್ನು ಬಿಡುವಂತಿಲ್ಲ ಎಂಬುದು ಟಾಕೀಸಿನವರ ಮರ್ಜಿಯಲ್ಲ, ಕಾನೂನು. ತಂದೆ ತಾಯಿ ಕೈ ಹಿಡಿದು ಕರೆದುಕೊಂಡು ಹೋದರೂ ಬಿಡುವಂತಿಲ್ಲ. ಅಮೆರಿಕದಲ್ಲಿ 'ಆರ್' ಎಂಬ ದರ್ಜೆಯ ಚಿತ್ರಕ್ಕೆ ಹದಿನೇಳರ ಒಳಗಿನ ಮಕ್ಕಳು ಪೋಷಕರ ಜೊತೆ ಹೋಗಬಹುದು. ನಮ್ಮಲ್ಲಿ ಆ ಸೌಲಭ್ಯವಿಲ್ಲ. ಹೊಣೆ ಚಿತ್ರ ತೋರಿಸುವವನ ತಲೆಯ ಮೇಲಿದೆ.

ಇಷ್ಟು ಹೇಳಿ ಭಾಯಿಯವರಿಗೆ ಒಂದು ಪ್ರಶ್ನೆ ಕೇಳಿದೆ: "ಕಾರ್ಡ್ ಕೇಳಿದ್ದು ಹೆಸರು ಗೊತ್ತಾಗುವ ಮೊದಲೋ, ಆಮೇಲೋ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಹುಡುಗ ಸಣ್ಣ ಆಳು, ಮೀಸೆ ಚಿಗುರಿಲ್ಲ. ಉಳಿದ ನಾಲ್ವರಿಗೂ ಗಡ್ಡ ಮೀಸೆ ಕಾಣುವಂತಿದೆ. ಬಾಗಿಲಿನವನು ಮುಖ ನೋಡಿ ವಯಸ್ಸು ಅಂದಾಜು ಮಾಡಿದ್ದಾನೆ. ನಿಮ್ಮ ಮಗನನ್ನು ನಿಲ್ಲಿಸಿದ್ದು ತಪ್ಪಲ್ಲ ಭಾಯಿ, ಉಳಿದ ನಾಲ್ವರನ್ನು ಬಿಟ್ಟದ್ದು ತಪ್ಪು ಎಂದೆ. ಆ ನಾಲ್ವರೂ ಅದೇ ಕ್ಲಾಸಿನವರು, ಒಬ್ಬನಿಗೂ ಹದಿನೇಳು ತುಂಬಿಲ್ಲ. ಮೀಸೆ ಇದ್ದವನಿಗೆ ಒಂದು ಕಾನೂನು, ಇಲ್ಲದವನಿಗೆ ಒಂದು ಎಂಬಂತೆ ನಡೆದರೆ ಆ ಅಕ್ಷರಕ್ಕೆ ಬೆಲೆ ಎಲ್ಲಿಂದ ಬರಬೇಕು?

ಈ ವಯಸ್ಸಿನ ವಿಂಗಡಣೆಯ ಹಿಂದೆ ನಮ್ಮವರೇ ಇಬ್ಬರ ಒಂದು ದೊಡ್ಡ ಮೊಕದ್ದಮೆ ಇದೆ ಎಂಬುದು ನಮ್ಮ ಯುವಕರಿಗೆ ತಿಳಿದಿರಲಿ. ಪಾಣಿಪತ್ತಿನ ಖ್ವಾಜಾ ಅಹ್ಮದ್ ಅಬ್ಬಾಸ್, ಉರ್ದು ಕವಿ ಹಾಲಿಯವರ ವಂಶದವರು, 'ಆವಾರಾ' ಚಿತ್ರದ ಕಥೆ ಬರೆದವರು. ಅವರು ಕಲ್ಕತ್ತಾ, ಬಾಂಬೆ, ಮದ್ರಾಸ್, ದೆಹಲಿಗಳ ಸಿರಿತನ ಬಡತನಗಳನ್ನು ಎದುರುಬದುರು ಇಟ್ಟು ಒಂದು ಚಿಕ್ಕ ಸಾಕ್ಷ್ಯಚಿತ್ರ ಮಾಡಿದರು. ಮುಂಬೈಯ ವೇಶ್ಯಾವಾಟಿಕೆಯ ಕೆಲವು ದೃಶ್ಯ ಅದರಲ್ಲಿದ್ದುದರಿಂದ 'ಎ' ಸಿಕ್ಕಿತು. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. 1970ರ ಸೆಪ್ಟೆಂಬರಿನಲ್ಲಿ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಹಿದಾಯತುಲ್ಲಾ. ಸಿನಿಮಾ ಮನಸ್ಸನ್ನು ಹಿಡಿಯುವ ಬಗೆ ಬೇರೆ ಕಲೆಗಳಿಗಿಂತ ಬಲವಾದದ್ದು, ಆದ್ದರಿಂದ ಅದನ್ನು ಮೊದಲೇ ನೋಡಿ ವಯಸ್ಸಿನ ಪ್ರಕಾರ ವಿಂಗಡಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂಬುದು ತೀರ್ಪಿನ ಸಾರ. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಅಬ್ಬಾಸರ ಚಿತ್ರಕ್ಕೆ 'ಯು' ಕೊಡಲು ಒಪ್ಪಿತ್ತು. ತತ್ವದಲ್ಲಿ ಅವರು ಸೋತರು, ಚಿತ್ರ ಗೆದ್ದಿತು.

ಆಗ ಇದ್ದದ್ದು 'ಯು' ಮತ್ತು 'ಎ' ಎರಡೇ. 1983ರಲ್ಲಿ 'ಯುಎ' ಬಂತು: ಹನ್ನೆರಡರ ಒಳಗಿನ ಮಕ್ಕಳನ್ನು ಹೆತ್ತವರು ವಿವೇಚನೆಯಿಂದ ಕರೆತರಲಿ ಎಂದು. ನಲವತ್ತು ವರ್ಷ ಈ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿದರು. ಸುತ್ತಿಗೆ, ಮೆಷಿನ್ ಗನ್ನುಗಳ 'ಕೆಜಿಎಫ್ ಚಾಪ್ಟರ್ 2' ಕೂಡ ಯುಎ, ಸ್ವಲ್ಪ ಹೆದರಿಸುವ ಮನೆಮಂದಿಯ ಚಿತ್ರವೂ ಯುಎ. ಹದಿಮೂರರ ಹುಡುಗನಿಗೆ ಅದು ಯಾವ ಸೂಚನೆಯನ್ನೂ ಕೊಡುತ್ತಿರಲಿಲ್ಲ. 2023ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು, 2024ರಲ್ಲಿ ನಿಯಮಗಳು ಬಂದವು. ಈಗ ಯುಎ ಮೂರು ಭಾಗವಾಗಿದೆ: ಯುಎ 7+, ಯುಎ 13+, ಯುಎ 16+. 2025ರ ಅಕ್ಟೋಬರಿನಲ್ಲಿ ಬಂದ 'ಕಾಂತಾರ ಚಾಪ್ಟರ್ 1' ಯುಎ 16+.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಯುಎ 16+ ಎಂದರೆ ಹದಿನಾರರ ಒಳಗಿನವರನ್ನು ಟಾಕೀಸಿನವರು ತಡೆಯುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಆ ಗುರುತು ಇರುವುದು ತಂದೆ ತಾಯಿ ಪೋಷಕರು ಯೋಚಿಸಲಿಕ್ಕೆ; ಅವರನ್ನು ಬಿಟ್ಟು ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ತಿದ್ದುಪಡಿಯಲ್ಲೇ ಇದೆ. 'ಎ' ಬಾಗಿಲಿಗೆ ಕಾನೂನು ಕಾವಲುಗಾರನನ್ನು ಇಟ್ಟಿದೆ. ಯುಎ ಬಾಗಿಲಿನ ಕಾವಲುಗಾರರು ನಾವು. ನಾವು ಜಗಳೂರಿನಲ್ಲಿ ಅಂಗಡಿಯಲ್ಲೋ ಹೊಲದಲ್ಲೋ ಇರುತ್ತೇವೆ, ಬಾಗಿಲು ದಾವಣಗೆರೆಯಲ್ಲಿ ತೆರೆದಿರುತ್ತದೆ. "ಒಳಗೆ ಬಿಟ್ಟರಲ್ಲ, ಹಾಗಾದರೆ ಸರಿಯಿರಬೇಕು" ಎಂದು ಹುಡುಗನೂ ಅಂದುಕೊಳ್ಳುತ್ತಾನೆ, ನಾವೂ ಅಂದುಕೊಳ್ಳುತ್ತೇವೆ. ಮನೆಯ ಯಜಮಾನನನ್ನು ಅವನ ಮನೆಯವರ ಬಗ್ಗೆ ವಿಚಾರಿಸಲಾಗುವುದು ಎಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ನಾವು ಮಿಂಬರಿನಿಂದ ಎಷ್ಟೋ ಸಲ ಹೇಳಿದ್ದೇವೆ. ಈ ವಿಷಯದಲ್ಲಿ ದೇಶದ ಕಾನೂನೂ ಯಜಮಾನನನ್ನೇ ಹುಡುಕಿಕೊಂಡು ಬಂದಿದೆ.

ಹಣದ ಲೆಕ್ಕವೂ ತಿಳಿದಿರಲಿ. 'ಎ' ಸಿಕ್ಕರೆ ಮಕ್ಕಳಿರುವ ಕುಟುಂಬ ಬರುವುದಿಲ್ಲ, ಟಿವಿಯಲ್ಲೂ ಹಾಗೆಯೇ ತೋರಿಸಲಾಗದು. ಹೀಗಾಗಿ ನಿರ್ಮಾಪಕರು ಕೆಲವು ದೃಶ್ಯ ಕತ್ತರಿಸಿ, ಕೆಲವು ಬೈಗುಳ ಅಳಿಸಿ ಯುಎ ಪಡೆಯಲು ನೋಡುತ್ತಾರೆ. 2025ರಲ್ಲಿ ರಜನಿಕಾಂತರ 'ಕೂಲಿ'ಗೆ ಹೊಡೆದಾಟದ ಕಾರಣಕ್ಕೆ 'ಎ' ಸಿಕ್ಕಾಗ ನಿರ್ಮಾಪಕರು ಯುಎ ಕೊಡಿಸಿ ಎಂದು ಮದ್ರಾಸ್ ಹೈಕೋರ್ಟಿಗೆ ಹೋದರು. ಕೋರ್ಟು ಒಪ್ಪಲಿಲ್ಲ. ಮೇಲ್ಮನವಿಗೆಂದೇ ಇದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದ್ದರಿಂದ ಈಗ ಹೈಕೋರ್ಟೇ ದಾರಿ. ನಾನು ಹೇಳುವುದಿಷ್ಟೇ: ಯುಎ 16+ ಅನೇಕ ಸಲ 'ಎ' ಗೆರೆಯ ಆಚೆಯಿಂದ ಕತ್ತರಿ ಹಾಕಿಸಿಕೊಂಡು ಈಚೆಗೆ ಬಂದದ್ದು.

ಬಯಾನಿನ ದಿನ ಒಬ್ಬ ಪಿಯುಸಿ ಹುಡುಗ ಕೇಳಿದ: "ಹಜರತ್, ನಮಾಜು ರೋಜಾಕ್ಕೆ ನಾವು ದೊಡ್ಡವರು, ಸಿನಿಮಾಕ್ಕೆ ಮಾತ್ರ ಚಿಕ್ಕವರಾ?" ಒಳ್ಳೆಯ ಪ್ರಶ್ನೆ, ಉತ್ತರ ತಕ್ಷಣ ಹೊಳೆಯಲಿಲ್ಲ. ನಮ್ಮ ಫಿಕ್ಹ್‌ನಲ್ಲೂ ವಯಸ್ಸುಗಳಿವೆ. ಏಳಕ್ಕೆ ನಮಾಜ್ ಕಲಿಸಬೇಕು. ದೇಹದ ಲಕ್ಷಣ ಕಾಣದಿದ್ದರೆ ಹದಿನೈದಕ್ಕೆ ಪ್ರೌಢನೆಂದು ಲೆಕ್ಕ. ಇಮಾಮ್ ಅಬೂ ಹನೀಫಾ ಗಂಡುಮಕ್ಕಳಿಗೆ ಹದಿನೆಂಟು ಎಂದಿದ್ದರು. ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಹದಿನೈದು ಎಂದರು, ಫತ್ವಾ ಶಿಷ್ಯರ ಮಾತಿನ ಮೇಲಿದೆ. ಆಮೇಲೆ ಆ ಹುಡುಗನಿಗೆ ಹೇಳಿದೆ: ನಮಾಜು ನಿನ್ನನ್ನು ಕಟ್ಟುವ ಕೆಲಸ, ಅದಕ್ಕೆ ಬೇಗ ಕರೆಯುತ್ತೇವೆ. ರಕ್ತ, ಮಾದಕ ವಸ್ತು, ಹೆಣ್ಣಿನ ಅವಮಾನ ಇವನ್ನು ಎರಡೂವರೆ ಗಂಟೆ ಕತ್ತಲಲ್ಲಿ ಕುಳಿತು ನೋಡುವುದು ಹೊರೆ, ಅದನ್ನು ತಡವಾಗಿ ಹೊರಿಸುತ್ತೇವೆ. ಅವನು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ರಾತ್ರಿ ಆಟದ ಬಗ್ಗೆಯೂ ಒಬ್ಬರು ಕೇಳಿದರು. 2024ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ 'ಪುಷ್ಪ 2' ಚಿತ್ರದ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ತೀರಿಕೊಂಡರು, ಅವರ ಮಗನಿಗೆ ತೀವ್ರ ಪೆಟ್ಟಾಯಿತು. ಮರುತಿಂಗಳು ತೆಲಂಗಾಣ ಹೈಕೋರ್ಟು ಹದಿನಾರರ ಒಳಗಿನವರನ್ನು ಬೆಳಿಗ್ಗೆ 11ರ ಮೊದಲು, ರಾತ್ರಿ 11ರ ನಂತರ ಟಾಕೀಸಿಗೆ ಬಿಡಬಾರದು ಎಂದಿತು. ಮಾರ್ಚ್ ಹೊತ್ತಿಗೆ ಅದನ್ನು ಸಡಿಲಿಸಿತು. ಅದು ಆ ರಾಜ್ಯದ ಆದೇಶ, ನಮಗೆ ಅನ್ವಯಿಸುವುದಿಲ್ಲ.

ಮೊಬೈಲಿನ ಮಾತು ಇದಕ್ಕಿಂತ ದೊಡ್ಡದು. ಟಾಕೀಸಿನಲ್ಲಿ ಒಬ್ಬನಾದರೂ ಕಾರ್ಡ್ ಕೇಳಿದ, ಮೊಬೈಲಿನಲ್ಲಿ ಅವನೂ ಇಲ್ಲ. ಓಟಿಟಿಗಳಿಗೆ 2021ರಿಂದಲೇ ಈ 7+, 13+, 16+ ಗುರುತುಗಳಿವೆ. ಹದಿಮೂರರ ಮೇಲಿನ ದರ್ಜೆಗಳಿಗೆ ಪೋಷಕರ ಬೀಗದ ವ್ಯವಸ್ಥೆ ಇರಬೇಕೆಂದು ನಿಯಮವಿದೆ. ಬೀಗ ಅಲ್ಲೇ ಇದೆ, ಹಾಕಿದವರು ಕಡಿಮೆ.

ಆ ಭಾಯಿಯವರು ಹೋಗುವ ಮುಂಚೆ ಮಗನಿಗೆ ಏನು ಹೇಳಲಿ ಎಂದರು. ಹೊಡೆಯಬೇಡಿ ಎಂದೆ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಕುಳಿತ ಮೂರು ಗಂಟೆಯೇ ಅವನಿಗೆ ಸಾಕಾಗಿದೆ. ಹೆಸರಿನ ಕಾರಣಕ್ಕೆ ನಿಲ್ಲಿಸಿದರು ಎಂಬುದನ್ನು ಮಾತ್ರ ಅವನ ಮನಸ್ಸಿನಿಂದ ಈ ರಾತ್ರಿಯೇ ತೆಗೆಯಿರಿ ಎಂದೆ. ಮಾರನೇ ವಾರ ಬಂದು ಇನ್ನೊಂದು ಚಿತ್ರದ ಹೆಸರು ಹೇಳಿದರು. ಈ ಸಲ ಹುಡುಗ ಬಾಯಿಬಿಟ್ಟು ಅನುಮತಿ ಕೇಳಿದ್ದಾನೆ. ಯುಎ 16+. ಅವನಿಗೆ ಹದಿನಾರು ತುಂಬಲು ಐದು ತಿಂಗಳಿದೆ. "ಕಳಿಸಲಾ ಹಜರತ್?" ಎಂದರು. ಅದನ್ನು ನೀವೇ ತೀರ್ಮಾನಿಸಬೇಕು, ನಾನಲ್ಲ, ಟಾಕೀಸಿನವನೂ ಅಲ್ಲ ಎಂದೆ. ಅವರಿಗೆ ಅದು ಅಷ್ಟೇನೂ ರುಚಿಸಲಿಲ್ಲ.

ಮುಂದಿನ ಶುಕ್ರವಾರ ಅಸರ್ ನಮಾಜಿನ ನಂತರ ಮದ್ರಸಾದ ಕೋಣೆಯಲ್ಲಿ, ಟಿಕೆಟ್ಟಿನ ಮೇಲೆ ಈ ಅಕ್ಷರ ಎಲ್ಲಿರುತ್ತದೆ, ಮೊಬೈಲಿನಲ್ಲಿ ಬೀಗ ಹಾಕುವುದು ಹೇಗೆ ಎಂದು ನಮ್ಮ ಇಬ್ಬರು ಕಾಲೇಜು ಹುಡುಗರು ತೋರಿಸಿಕೊಡುತ್ತಾರೆ. ಮನೆಯಲ್ಲಿ ಮಕ್ಕಳು ಬಳಸುವ ಫೋನನ್ನೇ ತನ್ನಿ. ತಾಯಂದಿರಿಗೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಕೋಣೆಯಲ್ಲಿ ಬೇರೆ ವ್ಯವಸ್ಥೆ ಇದೆ.