ನುಡಿಗೂ ತುತ್ತಿಗೂ ಒಂದೇ ದಾರಿ

ಊಟದ ನಡುವೆ ಯಾರಿಗಾದರೂ ಫಕ್ಕನೆ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಮನೆಯ ಹಿರಿಯರು ತಲೆಯನ್ನು ಮೆಲ್ಲಗೆ ತಟ್ಟಿ, ‘ಯಾರೋ ನೆನೆಸಿಕೊಂಡಿರಬೇಕು’ ಎಂದು ನಗೆಯಾಡುತ್ತಾರೆ. ವಾಸ್ತವವಾಗಿ ಅನ್ನದ ಅಗುಳು ನೆತ್ತಿಗೆ ಏರಿರುವುದಿಲ್ಲ; ಶ್ವಾಸನಾಳದ ಬಾಗಿಲನ್ನು ತಾಗಿರುತ್ತದೆ. ನಮ್ಮ ಧ್ವನಿ ಹುಟ್ಟುವುದೂ ಆ ಬಾಗಿಲಿನಲ್ಲಿಯೇ. ನುಡಿ ಹೊರಡುವ ಎಡೆಯನ್ನು ಹಾದೇ ತುತ್ತು ಒಳಗಿಳಿಯಬೇಕಾಗಿರುವುದು ಮಾನವದೇಹದ ಒಂದು ಸೋಜಿಗ; ಅಪಾಯವೂ ಹೌದು.

ಧ್ವನಿಯ ಹುಟ್ಟು

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ವಾಯುವಿನ ಪ್ರೇರಣೆಯಿಂದ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವು ಜನಿಸುವುದೆಂದು ಹೇಳಿದ್ದಾನೆ. ಇಂದಿನ ಶರೀರಶಾಸ್ತ್ರವು ಆ ಸ್ಥಾನವನ್ನು ಕೊರಳಿನ ಧ್ವನಿಪೆಟ್ಟಿಗೆಯಲ್ಲಿ ಗುರುತಿಸುತ್ತದೆ. ಆದರೆ ಗಾಳಿಯೇ ಮೂಲಶಕ್ತಿ ಎಂಬಲ್ಲಿ ಭೇದವಿಲ್ಲ. ಪುಪ್ಪುಸಗಳಿಂದ ಮೇಲೇರುವ ಉಸಿರು ಧ್ವನಿಪೆಟ್ಟಿಗೆಯ ಎರಡು ಧ್ವನಿತಂತುಗಳನ್ನು ಕಂಪಿಸುತ್ತದೆ. ಹೆಸರಿಗೆ ತಂತುಗಳಾದರೂ ಇವು ಸ್ನಾಯು ಹಾಗೂ ಲೋಳೆಪೊರೆಯ ಮಡಿಕೆಗಳು. ಮಾತನಾಡುವಾಗ ಇವು ಪುರುಷರಲ್ಲಿ ಸೆಕೆಂಡಿಗೆ ಸುಮಾರು 120 ಬಾರಿ, ಸ್ತ್ರೀಯರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ.

ಈ ನಾದಕ್ಕೆ ಅಕ್ಷರರೂಪ ನೀಡುವುದು ಬಾಯಿ. ಕ, ಚ, ಟ, ತ, ಪ ಎಂದು ಕ್ರಮವಾಗಿ ಉಚ್ಚರಿಸಿ ನೋಡಿರಿ. ಸ್ಪರ್ಶವು ಬಾಯಿಯ ಹಿಂಭಾಗದಿಂದ ಒಂದೊಂದೇ ಹೆಜ್ಜೆ ಮುಂದೆ ಸರಿದು ತುಟಿಯನ್ನು ಮುಟ್ಟುತ್ತದೆ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆಯಾಗಿದೆ! ಇನ್ನು ಮೂಗನ್ನು ಹಿಡಿದುಕೊಂಡು ‘ಮ’ ಎಂದು ಎಳೆಯಲು ಯತ್ನಿಸಿರಿ, ಧ್ವನಿ ಕಟ್ಟಿಹೋಗುತ್ತದೆ. ಅನುನಾಸಿಕಗಳಲ್ಲಿ ಮೃದು ಅಂಗುಳವು ಕೆಳಗಿಳಿದು ಗಾಳಿಗೆ ಮೂಗಿನ ದಾರಿಯನ್ನು ತೆರೆದಿರುವುದೇ ಇದಕ್ಕೆ ಕಾರಣ.

ತುತ್ತಿನ ಪಯಣ

ನುಂಗುವಾಗಲೂ ದುಡಿಯುವುದು ಇದೇ ನಾಲಗೆ, ಇದೇ ಅಂಗುಳ. ಅಗಿದ ತುತ್ತನ್ನು ನಾಲಗೆ ಹಿಂದಕ್ಕೆ ತಳ್ಳಿದೊಡನೆ ಮೃದು ಅಂಗುಳವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಕೊರಳ ಮೇಲೆ ಬೆರಳಿಟ್ಟು ನುಂಗಿದರೆ ಇದು ತಿಳಿಯುವುದು. ಎಲೆಯಾಕಾರದ ಮೃದ್ವಸ್ಥಿಯ ಮುಚ್ಚಳವೊಂದು ಅದರ ಮೇಲೆ ಬಾಗುತ್ತದೆ, ಧ್ವನಿತಂತುಗಳು ಬಿಗಿದು ಕೂಡಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಆಗ ಅನ್ನನಾಳದ ದ್ವಾರ ತೆರೆಯುತ್ತದೆ. ಗಂಟಲಿನ ಈ ಸಮಸ್ತ ವ್ಯವಹಾರ ಮುಗಿಯಲು ಬೇಕಾಗುವುದು ಸುಮಾರು ಒಂದೇ ಸೆಕೆಂಡು!

ಮಾತಿಗೆ ಉಸಿರು ಹರಿಯಬೇಕು, ನುಂಗುವುದಕ್ಕೆ ಉಸಿರು ನಿಲ್ಲಬೇಕು. ಎರಡೂ ಏಕಕಾಲದಲ್ಲಿ ಸಲ್ಲವು. ಪಂಕ್ತಿಯಲ್ಲಿ ಕುಳಿತು ಹರಟುವ ಮಕ್ಕಳನ್ನು ಹಿರಿಯರು ಗದರುವುದರಲ್ಲಿ ಶಿಸ್ತಷ್ಟೇ ಅಲ್ಲ, ಅವರ ಪ್ರಾಣರಕ್ಷಣೆಯೂ ಅಡಗಿದೆ.

ಮನೆಯವರು ಅರಿಯಬೇಕಾದುದು

ಪಾರ್ಶ್ವವಾಯು ಬಡಿದವರಲ್ಲಿಯೂ ಪಾರ್ಕಿನ್ಸನ್ ರೋಗಿಗಳಲ್ಲಿಯೂ ಈ ಬಾಗಿಲು ಮುಚ್ಚುವುದು ತಡವಾಗಬಹುದು. ನೀರು ಕುಡಿದಾಗಲೆಲ್ಲ ಕೆಮ್ಮು, ಊಟದ ತರುವಾಯ ಗಳಗಳ ಎನ್ನುವ ಧ್ವನಿ, ಮೇಲಿಂದ ಮೇಲೆ ಜ್ವರ, ಕಫ: ಇವನ್ನು ವೃದ್ಧಾಪ್ಯದ ಸಹಜಲಕ್ಷಣವೆಂದು ಉಪೇಕ್ಷಿಸಲಾಗದು. ಪುಪ್ಪುಸ ಸೇರಿದ ಆಹಾರದಿಂದ ನ್ಯುಮೋನಿಯಾ ಉಂಟಾಗಬಹುದು. ಕೆಲವರಿಗೆ ಕೆಮ್ಮುವ ಪ್ರತಿಕ್ರಿಯೆಯೇ ಕುಂದಿರುವುದರಿಂದ, ಕೆಮ್ಮಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು.

ವಾತ್ಸಲ್ಯದಿಂದಲೇ ನಾವು ಎಸಗುವ ತಪ್ಪೊಂದುಂಟು. ಮಲಗಿದ ರೋಗಿಯ ಬಾಯಿಗೆ ಗಂಜಿ ಹೊಯ್ಯುತ್ತೇವೆ. ತಲೆಯನ್ನು ಹಿಂದಕ್ಕೆ ಬಾಗಿಸಿ ನೀರನ್ನು ಎತ್ತಿ ಸುರಿಯುತ್ತೇವೆ. ನೀರು ವೇಗವಾಗಿ ಹರಿಯುವುದರಿಂದ ಇಂಥವರಿಗೆ ಗಟ್ಟಿ ಗಂಜಿಗಿಂತ ಅದೇ ಹೆಚ್ಚು ಅಪಾಯಕಾರಿಯಾಗಬಹುದು. ರೋಗಿಯನ್ನು ನೇರವಾಗಿ ಕೂರಿಸಿ, ಎಚ್ಚರವಾಗಿದ್ದಾಗ ಮಾತ್ರ, ಸಣ್ಣ ಗುಟುಕು, ಸಣ್ಣ ತುತ್ತುಗಳನ್ನು ಕೊಡಬೇಕು. ಹಿಂದಿನದು ಇಳಿದ ಬಳಿಕವೇ ಮುಂದಿನದು. ಉಂಡ ಮೇಲೆ ಅರ್ಧ ತಾಸಾದರೂ ಕುಳಿತೇ ಇರಲಿ. ಕೆಮ್ಮುತ್ತಿರುವವರಿಗೆ ನೀರು ಕುಡಿಸದೆ, ಕೆಮ್ಮಲು ಬಿಡಿರಿ. ಕೆಮ್ಮು ಬಾಗಿಲು ಕಾಯುವ ಭಟ.

ನುಂಗುವ ತೊಂದರೆಯನ್ನು ವೈದ್ಯರೊಡನೆ ವಾಕ್ ಚಿಕಿತ್ಸಕರೂ ಪರೀಕ್ಷಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳಲ್ಲಿ ಈ ಸೇವೆ ದೊರೆಯುತ್ತದೆ. ಮಾತಿನ ತಜ್ಞರಿಗೂ ತುತ್ತಿಗೂ ಏನು ಸಂಬಂಧವೆಂದು ಇನ್ನು ಕೇಳಬೇಕಾಗಿಲ್ಲ.

ಮನೆಯಲ್ಲಿ ಹಿರಿಯರು ಉಣ್ಣುವಾಗ ಹತ್ತು ನಿಮಿಷ ಅವರ ಬಳಿ ಕುಳಿತು ನೋಡಿರಿ. ಮಾತು ಅವರು ಉಂಡ ಮೇಲಾಗಲಿ.