ಗೋಕುಲಧಾಮದ ಗೋಡೆ, ಮಾಲ್ಗುಡಿಯ ಜಗಲಿ

ಜತ್ತ ತಾಲ್ಲೂಕಿನ ನಮ್ಮ ಮನೆಗಳಲ್ಲಿ ಟಿವಿ ಒಂದೇ ಭಾಷೆ ಮಾತಾಡುವುದಿಲ್ಲ. ಕನ್ನಡ ಧಾರಾವಾಹಿ ಮುಗಿದರೆ ಮರಾಠಿ, ಅದು ಮುಗಿದರೆ ಹಿಂದಿ. 2008ರ ಜುಲೈನಲ್ಲಿ ಶುರುವಾದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದ ಗೋಕುಲಧಾಮ ಸೊಸೈಟಿ ನಮ್ಮ ಮಕ್ಕಳಿಗೆ ಪಕ್ಕದ ಓಣಿಯಷ್ಟೇ ಪರಿಚಿತ. ಮುಂಬೈಗೆ ಹೋದವರು ಗೋರೆಗಾಂವ್‌ನಲ್ಲಿ ಅದನ್ನು ಹುಡುಕಿದರೆ ಸಿಗುವುದು ಸೊಸೈಟಿಯಲ್ಲ, ಫಿಲ್ಮ್ ಸಿಟಿಯೊಳಗಿನ ಸೆಟ್. ಮಹಾರಾಷ್ಟ್ರ ಸರ್ಕಾರ ಈ ಚಿತ್ರನಗರಿಯನ್ನು ಸ್ಥಾಪಿಸಿದ್ದು 1977ರಲ್ಲಿ.

ಸೆಟ್ ಅಂದರೆ ಏನು? ನಮ್ಮ ಬಯಲಾಟದ ಪರದೆ ನೆನಪಿಸಿಕೊಳ್ಳಿ. ಪರದೆಯ ಮೇಲೆ ಅರಮನೆ, ಹಿಂದೆ ಬಣ್ಣದ ಪೆಟ್ಟಿಗೆ. ಇಲ್ಲಿಯೂ ಕ್ಯಾಮೆರಾಕ್ಕೆ ಕಾಣುವಷ್ಟೇ ಕಟ್ಟಡ. ಜೇಠಾಲಾಲ್ ಬಾಗಿಲು ತೆರೆದು ಒಳಗೆ ಹೋದ ಮೇಲೆ ಕಾಣುವ ಹಾಲ್ ಬೇರೆಯೇ ಸೆಟ್ಟಿನದು. ಎರಡನ್ನೂ ಹೊಲಿಯುವುದು ಎಡಿಟಿಂಗ್. ನಿಜವಾದ ಬೀದಿಯಲ್ಲಿ ಹಾರ್ನ್, ಜನಜಂಗುಳಿ, ಪರವಾನಗಿಯ ಗೋಳು. ವರ್ಷಗಟ್ಟಲೆ ಓಡುವ ಧಾರಾವಾಹಿಗೆ ಅದು ಆಗದ ಮಾತು.

ಶಂಕರ್‌ನಾಗ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಆರ್.ಕೆ. ನಾರಾಯಣ್ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಸೃಷ್ಟಿಸಿದ ಮಾಲ್ಗುಡಿ ಯಾವ ನಕಾಶೆಯಲ್ಲೂ ಇಲ್ಲ. ಅದನ್ನು ದೂರದರ್ಶನಕ್ಕೆ ತರುವಾಗ ಶಂಕರ್ ಸ್ಟುಡಿಯೋದಲ್ಲಿ ಬೀದಿ ಕಟ್ಟಿಸಲಿಲ್ಲ, ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ ಹೋದರು. ಹೆಂಚಿನ ಮನೆ, ಉದ್ದನೆಯ ಜಗಲಿ, ಬ್ರಿಟಿಷರ ಕಾಲದ ಕತೆಗೆ ಹೇಳಿ ಮಾಡಿಸಿದಂಥ ಬೀದಿ. ಕಲಾ ನಿರ್ದೇಶಕ ಜಾನ್ ದೇವರಾಜ್ ಅದಕ್ಕೆ ಮಾಲ್ಗುಡಿಯ ವೇಷ ತೊಡಿಸಿದರು. 1986ರಲ್ಲಿ ‘ಮಾಲ್ಗುಡಿ ಡೇಸ್’ ಪ್ರಸಾರವಾದಾಗ ದೇಶ ನೋಡಿದ್ದು ಜನ ವಾಸವಿದ್ದ ಊರನ್ನೇ. ಸ್ವಾಮಿಯ ಮನೆಯಾಗಿ ಕಂಡ ದೊಡ್ಡಮನೆಗೆ ಹಿತ್ತಲಿತ್ತು, ಅಡುಗೆಮನೆಯಿತ್ತು, ಒಲೆಯೂ ಉರಿಯುತ್ತಿತ್ತು.

ಹೀಗೆ ಬೀದಿ ಕೊಡುವುದೆಂದರೆ ಊರವರಿಗೆ ಸಣ್ಣ ತೊಂದರೆಯಲ್ಲ. ಮನೆಮುಂದೆ ದೀಪ, ವೈರು, ಅಪರಿಚಿತರು. ಓಡಾಟಕ್ಕೂ ‘ಸ್ವಲ್ಪ ತಡೀರಿ’ ಎನ್ನುವವರು. ಪರದೆಯ ಮೇಲೆ ಹೆಸರು ಬರುವುದು ನಟರದ್ದು, ಜಗಲಿ ಬಿಟ್ಟುಕೊಟ್ಟವರದ್ದಲ್ಲ.

ಆದರೆ ಸೆಟ್ಟಿನ ಬೀದಿ ಧಾರಾವಾಹಿ ನಿಂತ ಮೇಲೆ ಒಡೆದರೆ ಮುಗಿಯಿತು. ಆಗುಂಬೆ ಎಲ್ಲಿಗೂ ಹೋಗಲಿಲ್ಲ. ಅದೇ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲೂ ಚಿತ್ರೀಕರಣ ನಡೆದಿತ್ತು. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಇಲ್ಲದ ಊರಿಗೊಂದು ಮ್ಯೂಸಿಯಂ!

ನೋಡಲು ಹೋಗುವ ಜತ್ತದವರು ಮಳೆಗಾಲ ಬಿಟ್ಟು ಹೋಗಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಟ್ಯಾಂಕರ್ ದಾರಿ ಕಾಯ್ದು ಗೊತ್ತಿರುವ ನಮಗೆ ಅದೇ ದೊಡ್ಡ ಕಟ್ಟುಕತೆ ಅನ್ನಿಸೀತು.