ಗೊಂಬೆಯ ಸೂತ್ರ ಹಿಡಿದ ಲಿಂಗೊ

ಗುಂಡಿ ಒತ್ತಿದರೆ ಮಾತಾಡುವ ಪಾತ್ರ, ಮುಟ್ಟಿದರೆ ತೆರೆದುಕೊಳ್ಳುವ ಬಾಗಿಲು. 1990ರ ದಶಕದಲ್ಲಿ ಮಕ್ಕಳ ಆಟ, ಪಾಠಗಳನ್ನು ಹೊತ್ತು ಬಂದ ಎಷ್ಟೋ ಸಿ.ಡಿ.ಗಳ ಒಳಗೆ ದುಡಿಯುತ್ತಿದ್ದ ತಂತ್ರಾಂಶ ‘ಡೈರೆಕ್ಟರ್’. ಅದರ ಆಜ್ಞೆಗಳ ಭಾಷೆಯೇ ಲಿಂಗೊ.

ಮಾರ್ಕ್ ಕ್ಯಾಂಟರ್ ಮತ್ತು ಗೆಳೆಯರು 1984ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಮ್ಯಾಕ್ರೊಮೈಂಡ್ ಕಂಪನಿ ಕಟ್ಟಿದರು. ಮರುವರ್ಷ ಮೆಕಿಂತೋಷ್ ಕಂಪ್ಯೂಟರಿಗೆ ಅವರು ತಂದ ‘ವಿಡಿಯೊವರ್ಕ್ಸ್’ ಚಿತ್ರಗಳನ್ನು ಕುಣಿಸುವ ತಂತ್ರಾಂಶವಾಗಿತ್ತು. ಅದೇ ಬೆಳೆದು ಡೈರೆಕ್ಟರ್ ಆಯಿತು. ಅದರ ಪರಿಭಾಷೆಯೆಲ್ಲ ರಂಗಭೂಮಿ, ಸಂಗೀತದ್ದು: ಪರದೆ ‘ಸ್ಟೇಜ್’, ಚಿತ್ರ–ಧ್ವನಿಗಳ ಬಳಗ ‘ಕಾಸ್ಟ್’, ಯಾವ ಫ್ರೇಮಿನಲ್ಲಿ ಯಾರು ಎಲ್ಲಿರಬೇಕೆಂದು ಬರೆದಿಟ್ಟ ಪಟ್ಟಿ ‘ಸ್ಕೋರ್’. ರಂಗಕ್ಕೆ ಬಂದ ಪಾತ್ರ ‘ಸ್ಪ್ರೈಟ್’. ಆದರೆ ಮೊದಮೊದಲು ಆಟ ಆರಂಭದಿಂದ ಕೊನೆಯವರೆಗೆ ತಾನಾಗಿ ಓಡುತ್ತಿತ್ತು. ನೋಡುವವನಿಗೆ ಅದರಲ್ಲಿ ಪಾತ್ರವಿರಲಿಲ್ಲ.

1987ರಲ್ಲಿ ಆ್ಯಪಲ್‌ನ ಬಿಲ್ ಆಟ್ಕಿನ್‌ಸನ್ ‘ಹೈಪರ್‌ಕಾರ್ಡ್’ ತಂತ್ರಾಂಶ ತಂದರು. ಡ್ಯಾನ್ ವಿಂಕ್ಲರ್ ಅದಕ್ಕೆಂದು ರೂಪಿಸಿದ ಹೈಪರ್‌ಟಾಕ್, ಸರಳ ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುವ ಭಾಷೆ. ಅದೇ ಧಾಟಿಯಲ್ಲಿ ಡೈರೆಕ್ಟರ್‌ಗೆ ಲಿಂಗೊ ಕೊಟ್ಟವರು ಜಾನ್ ಥಾಂಪ್ಸನ್. ಪ್ರೋಗ್ರಾಮಿಂಗ್ ಕಲಿಯದ ಚಿತ್ರಕಾರರೂ ಪಾತ್ರಗಳಿಗೆ ಅಪ್ಪಣೆ ಕೊಡುವಂತಾಯಿತು.

ಪ್ರತಿ ಸ್ಪ್ರೈಟ್‌ಗೂ ಕೆಲವು ಗುಣಗಳು: ರಂಗದ ಎಡ ಅಂಚಿನಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ಕೆಳಗೆ, ಕಾಣಬೇಕೇ ಬೇಡವೇ. ‘ಸೆಟ್ ದ ಲಾಕ್‌ಎಚ್ ಆಫ್ ಸ್ಪ್ರೈಟ್ 5 ಟು 200’ ಎಂದರೆ ಐದನೇ ಸ್ಪ್ರೈಟ್ ಎಡ ಅಂಚಿನಿಂದ 200 ಪಿಕ್ಸೆಲ್ ದೂರಕ್ಕೆ ಸರಿಯುತ್ತದೆ.

ಆದರೆ ಸ್ಕೋರ್ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಪಾತ್ರ ಎಲ್ಲಿರಬೇಕೆಂದು ಅದು ಮೊದಲೇ ಬರೆದಿಟ್ಟಿದೆಯಲ್ಲ! ಹಾಗಾಗಿ ಹಳೆಯ ಆವೃತ್ತಿಗಳಲ್ಲಿ ಮೊದಲು ‘ಪಪೆಟ್‌ಸ್ಪ್ರೈಟ್’ ಆಜ್ಞೆ ಕೊಡಬೇಕಿತ್ತು. ಆಗ ಸೂತ್ರ ಸ್ಕೋರ್‌ನ ಕೈಯಿಂದ ಲಿಂಗೊ ಕೈಗೆ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಮರಳಿ ಒಪ್ಪಿಸದಿದ್ದರೆ ಪಾತ್ರ ಸ್ಕೋರ್‌ನ ಮಾತು ಕೇಳುತ್ತಲೇ ಇರಲಿಲ್ಲ.

ಇನ್ನೊಂದು ಜಾಣತನ ‘ಗೋ ಟು ದ ಫ್ರೇಮ್’. ಬಳಕೆದಾರ ಆಯ್ಕೆ ಮಾಡುವವರೆಗೆ ಆಟ ಕಾಯಬೇಕು. ನಿಲ್ಲಿಸಿಬಿಟ್ಟರೆ ಪರದೆ ಜೀವ ಕಳೆದುಕೊಳ್ಳುತ್ತದೆ. ಅದಕ್ಕೆ ಫ್ರೇಮ್ ಮುಗಿಯುವಾಗಲೆಲ್ಲ ಅದೇ ಫ್ರೇಮಿಗೆ ಹೋಗು ಎನ್ನುವ ಅಪ್ಪಣೆ. ಆಟ ಇದ್ದಲ್ಲೇ ಇರುತ್ತದೆ, ಆದರೂ ಮೌಸ್ ಒತ್ತಿದ್ದು ತಿಳಿಯುತ್ತದೆ, ಸಂಗೀತವೂ ನಡೆಯುತ್ತದೆ. ಸ್ಕೋರ್ ಹಾಕಿಕೊಟ್ಟ ಒಂದೇ ದಾರಿಯ ಓಟದಲ್ಲಿ ನೋಡುಗನಿಗೆ ಜಾಗ ಸಿಕ್ಕಿದ್ದು ಇಂಥ ಪುಟ್ಟ ಸಾಲುಗಳಿಂದ.

ಮ್ಯಾಕ್ರೊಮೈಂಡ್ 1992ರ ಹೊತ್ತಿಗೆ ಬೇರೆ ಕಂಪನಿಗಳೊಡನೆ ಕೂಡಿ ಮ್ಯಾಕ್ರೊಮೀಡಿಯ ಆಯಿತು. 1995ರಲ್ಲಿ, ಡೈರೆಕ್ಟರ್ ಆಟಗಳನ್ನು ಬ್ರೌಸರಿನಲ್ಲಿ ಓಡಿಸುವ ಶಾಕ್‌ವೇವ್ ಮೂಲಕ ಲಿಂಗೊ ಅಂತರಜಾಲಕ್ಕೂ ಬಂತು. ಕೆಲಸಗಳು ಹಿಗ್ಗಿದಂತೆ ಉದ್ದ ವಾಕ್ಯ ಭಾರವಾಯಿತು. ಏಳನೇ ಆವೃತ್ತಿಯಲ್ಲಿ ‘ಸ್ಪ್ರೈಟ್(5).ಲಾಕ್‌ಎಚ್ = 200’ ಎಂಬ ಚುಟುಕು ಬರಹ ಸೇರಿತು. 2004ರ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ಕೂಡ ಬಂತು. 2005ರಲ್ಲಿ ಮ್ಯಾಕ್ರೊಮೀಡಿಯವನ್ನು ಅಡೋಬಿ ಕೊಂಡಿತು. ಡೈರೆಕ್ಟರ್ ಮಾರಾಟ 2017ರಲ್ಲಿ ನಿಂತಿತು, ಶಾಕ್‌ವೇವ್ 2019ರಲ್ಲಿ.

ಯಾರಾದರೂ ಓದಬಲ್ಲ ಭಾಷೆಯಾಗಿದ್ದೂ ಲಿಂಗೊ ಉಳಿಯಲಿಲ್ಲ. ಪ್ರಕಟಣೆಗೆ ಸಿದ್ಧಮಾಡುವಾಗ ಬರೆದ ಸಾಲುಗಳನ್ನು ತೆಗೆದು, ಯಂತ್ರಕ್ಕಷ್ಟೇ ತಿಳಿಯುವ ಸಂಕೇತವನ್ನು ಉಳಿಸುವುದು ವಾಡಿಕೆಯಾಗಿತ್ತು. ಆ ಸಂಕೇತವನ್ನು ಓಡಿಸುವ ತಂತ್ರಾಂಶ ಒಂದೇ ಕಂಪನಿಯ ಕೈಯಲ್ಲಿತ್ತು. ಇಂದು ಸ್ಕಮ್‌ವಿಎಂ ಎಂಬ ಮುಕ್ತ ಯೋಜನೆಯ ಸ್ವಯಂಸೇವಕರು ಅದೇ ಸಂಕೇತವನ್ನು ಬಿಡಿಸಿ ಹಳೆಯ ಆಟಗಳನ್ನು ಮತ್ತೆ ನಡೆಸಲು ದುಡಿಯುತ್ತಿದ್ದಾರೆ. ಬರೆಯುವುದನ್ನು ಎಲ್ಲರಿಗೂ ಸುಲಭ ಮಾಡಿದರೆ ಸಾಲದು, ಬರೆದದ್ದನ್ನು ನಡೆಸುವ ಹಕ್ಕೂ ಎಲ್ಲರಿಗೂ ಇರಬೇಕು.